ವಸೂಲಿಯವನ ಕೈಯಲ್ಲಿ ತೀರುವಳಿ ಪತ್ರ

ಮಾರ್ಚ್ 3, ಸೋಮವಾರ

ಕೊನೆಗೂ ಆದೇಶ ಬಂತು. ಪದವಿ ಮುಗಿಸಿದವರ ಓದಿನ ಸಾಲದಲ್ಲಿ ಉಳಿದ ಬಾಕಿಯನ್ನೆಲ್ಲ ರಾಜ್ಯ ಸರ್ಕಾರ ತಾನೇ ಕಟ್ಟುತ್ತದಂತೆ. ಕಟ್ಟುವುದು ಸರ್ಕಾರವಲ್ಲ, ನಾನು, ನನ್ನ ಹೆಂಡತಿ, ಬೀದಿ ಗುಡಿಸುವವಳು, ಬಸ್ಸಿನ ಡ್ರೈವರು. ಆದರೆ ಪತ್ರದ ನೆತ್ತಿಯ ಮೇಲೆ ಮಂತ್ರಿಗಳ ಫೋಟೋ. ಅಜ್ಜನ ಕಾಲದ ಗಂಟು ಬಿಚ್ಚಿ ದಾನ ಮಾಡಿದವರ ಹಾಗೆ ನಗುತ್ತಿದ್ದಾರೆ.

ಇಪ್ಪತ್ತೇಳು ವರ್ಷದಿಂದ ಈ ಬ್ಯಾಂಕಿನಲ್ಲಿ ಸಾಲ ವಸೂಲಿ ಮಾಡುತ್ತಿದ್ದೇನೆ. ಬೆನ್ನ ಹಿಂದೆ ನನ್ನನ್ನು ಜಿಗಣೆ ಎನ್ನುತ್ತಾರೆಂದು ಗೊತ್ತು. ಅನ್ನಲಿ. ಹೆಸರಿಟ್ಟವರಿಗೆ ಕೆಲಸದ ಬೆಲೆ ಗೊತ್ತಿದೆ ಎಂದಾಯಿತು. ಯಾವ ಪದವೀಧರ ಯಾವ ಓಣಿಯ ಯಾವ ಮಹಡಿಯಲ್ಲಿ ಯಾರ ಬೆನ್ನಿಗೆ ಅಡಗಿದ್ದಾನೆಂದು ಈ ಊರಿನಲ್ಲಿ ನನ್ನಷ್ಟು ಬಲ್ಲವರಿಲ್ಲ. ಈಗ ಅದೇ ಮುಳುವಾಯಿತು.

ಮ್ಯಾನೇಜರ್ ಒಳಗೆ ಕರೆದ. ನನ್ನ ಮಗಳಿಗಿಂತ ನಾಲ್ಕು ವರ್ಷಕ್ಕೆ ದೊಡ್ಡವನು, ಮೇಜಿನ ಮೇಲೆ ಕಳ್ಳಿ ಗಿಡ ಸಾಕಿಕೊಂಡಿದ್ದಾನೆ. ಒಂದು ಕಟ್ಟು ಲಕೋಟೆ ಮುಂದಿಟ್ಟ. ಸಾಲ ಪಡೆದವರು ಖುದ್ದಾಗಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು, ಅದು ಈ ತಿಂಗಳ ಮೂವತ್ತೊಂದರ ಸಂಜೆಯೊಳಗೆ ಬ್ಯಾಂಕಿಗೆ ಬರಬೇಕು, ಬರದಿದ್ದರೆ ಅವರ ಮಟ್ಟಿಗೆ ಮನ್ನಾ ಇಲ್ಲ. ಅಂಚೆಯಲ್ಲಿ ಹಾಕಿದ ನೂರಾ ಹನ್ನೊಂದು ಪತ್ರ ವಿಳಾಸ ಸಿಗದೆ ವಾಪಸ್ಸು ಬಂದಿವೆ.

“ಇವರೆಲ್ಲ ಎಲ್ಲಿದಾರೆ ಅಂತ ನಿಮ್ಮನ್ನ ಬಿಟ್ರೆ ಯಾರಿಗೆ ಗೊತ್ತು ಸರ್? ನೀವೇ ಹೋಗಿ ಸಹಿ ಹಾಕಿಸ್ಕೊಂಡು ಬನ್ನಿ” ಎಂದ.

ಬೆನ್ನಟ್ಟಿದ ಮೊಲಗಳಿಗೆ ಬೇಟೆಗಾರನೇ ಹುಲ್ಲು ಹಂಚಬೇಕಂತೆ.

ಮಾರ್ಚ್ 4, ಮಂಗಳವಾರ

ಮನೆಯಲ್ಲಿ ಹೇಳಿದೆ. ಹೆಂಡತಿ, ಒಳ್ಳೆಯದಾಯಿತಲ್ಲ ಪಾಪ, ಎಂದಳು. ಪಾಪವಂತೆ. ಹಾಗಿದ್ದರೆ ನನ್ನ ಮಗಳು ಯಾರು? ಮಣ್ಣಿನ ಶಾಸ್ತ್ರ ಓದಲು ಅವಳೂ ಸಾಲ ಮಾಡಿದ್ದಳು, ಇದೇ ಬ್ಯಾಂಕಿನಲ್ಲಿ. ವಸೂಲಿಯವನ ಮನೆಯಲ್ಲಿ ಬಾಕಿ ಇರಕೂಡದೆಂದು ಹಟ ಹಿಡಿದು ಅವಧಿಗೆ ಎರಡು ವರ್ಷ ಮುಂಚೆಯೇ ತೀರಿಸುವ ಹಾಗೆ ಮಾಡಿದೆ. ಪ್ರಯೋಗಾಲಯವೊಂದರಲ್ಲಿ ಸಂಶೋಧನೆಗೆ ಸೀಟು ಸಿಕ್ಕಿತ್ತು. ಮೊದಲು ಸಾಲ, ಆಮೇಲೆ ಮಣ್ಣು, ಎಂದೆ. ವಿಮೆ ಕಚೇರಿಗೆ ಸೇರಿದಳು. ಸುಟ್ಟ ಅಂಗಡಿ, ನುಜ್ಜಾದ ಕಾರುಗಳ ಫೋಟೋ ನೋಡಿ ಪರಿಹಾರ ಎಷ್ಟೆಂದು ಬರೆಯುವ ಕೆಲಸ. ಏನು ಕಡಿಮೆಯಾಗಿದೆ?

ಮೈಮುರಿದು ತೀರಿಸಿದವಳಿಗೆ ಸೊನ್ನೆ, ಕಣ್ಣು ತಪ್ಪಿಸಿ ತಿರುಗಿದವರಿಗೆ ಮನ್ನಾ. ಅವಳಿಗೂ ಸಿಟ್ಟು ಬರಲೆಂದು ಇದನ್ನು ಗಟ್ಟಿಯಾಗಿಯೇ ಹೇಳಿದೆ. ಊಟದ ಡಬ್ಬಿ ತೊಳೆಯುತ್ತಿದ್ದವಳು ಮುಚ್ಚಳದ ರಬ್ಬರನ್ನೂ ಬಿಡಿಸಿ ತೊಳೆದಳು, ಒರೆಸಿದಳು, ಒಳಗೆ ಹೋದಳು. ಉಪ್ಪು ಹುಳಿ ತಿಂದ ಮೈಯೇ ಅದು?

ಮಾರ್ಚ್ 6, ಗುರುವಾರ

ಹನ್ನೆರಡು ಮನೆ ಮೆಟ್ಟಿಲು ಹತ್ತಿದೆ. ಮೂರು ಬಾಗಿಲು ತೆರೆದವು.

ಪಶುವೈದ್ಯ ಓದಿ ಜೆರಾಕ್ಸ್ ಅಂಗಡಿ ಇಟ್ಟಿರುವ ಮಹಾಶಯ ನಾನು ರಸ್ತೆ ದಾಟುವಷ್ಟರಲ್ಲಿ ಷಟರು ಎಳೆದುಕೊಂಡ. ಒಳಗೆ ಗಿರಾಕಿಯೊಬ್ಬಳು ಸಿಕ್ಕಿಹಾಕಿಕೊಂಡು ಕೂಗುತ್ತಿದ್ದಳು. ಪತ್ರವನ್ನು ಷಟರಿನ ಕೆಳಗೆ ತೂರಿಸಿದೆ. ಐದು ನಿಮಿಷದ ಮೇಲೆ ಷಟರು ಗೇಣುದ್ದ ಎದ್ದಿತು, ಒಂದು ಕೈ ಹೊರಬಂತು, ಪೆನ್ನು ಕೇಳಿತು. ಮುಖ ತೋರಿಸದೆಯೇ ಋಣಮುಕ್ತನಾದ.

ಇನ್ನೊಂದು ಮನೆಯಲ್ಲಿ ತಾಯಿ ಬಾಗಿಲ ಸಂದಿಯಿಂದ, ಮಗ ಹೋಗಿಬಿಟ್ಟ, ಎರಡು ವರ್ಷವಾಯಿತು, ಎಂದು ಕಣ್ಣೊರೆಸಿಕೊಂಡಳು. ಸತ್ತವನು ಒಳಗಿನಿಂದ ಎರಡು ಸಲ ಸೀನಿದ. ನೂರು ವರ್ಷ ಬಾಳಲಿ ಎಂದು ಹೇಳಿ ಲಕೋಟೆ ಕೊಟ್ಟು ಬಂದೆ.

ಇದನ್ನೆಲ್ಲ ಹೇಳಿದರೆ ಹೆಂಡತಿ ನಗುತ್ತಾಳೆ. “ನಿಮಗೆ ಬಾಗಿಲು ತೆಗೆಯೋದು ನಾನೊಬ್ಬಳೇ. ಅದೂ ಬೇರೆ ದಾರಿ ಇಲ್ದೆ” ಎಂದಳು.

ಮಾರ್ಚ್ 11, ಮಂಗಳವಾರ

ಅರ್ಧಕ್ಕಿಂತ ಹೆಚ್ಚು ಮುಗಿಯಿತು. ಡ್ರಾಯಿಂಗ್ ಟೀಚರೊಬ್ಬಳು ಸಹಿ ಹಾಕುತ್ತಲೇ ಅತ್ತು, ಶಾಯಿ ಕದಡಿ, ಇನ್ನೊಂದು ಪ್ರತಿ ಮಾಡಿಸಬೇಕಾಯಿತು. ಖರ್ಚು ಬ್ಯಾಂಕಿನ ತಲೆಗೆ. ನನಗೆ ಥ್ಯಾಂಕ್ಸ್ ಬೇರೆ ಹೇಳಿದಳು. ಟಪಾಲು ತಂದವನಿಗೆ ಥ್ಯಾಂಕ್ಸು. ಇವರ ಬುದ್ಧಿಗೆ ಪದವಿ ಕೊಟ್ಟವರು ಯಾರೋ.

ಮಾರ್ಚ್ 17, ಸೋಮವಾರ

ನೂರಾ ಹತ್ತು ಆಯಿತು. ಉಳಿದದ್ದು ಒಂದೇ: ಏಳು ಮನೆಯವಳು.

ಹೆಸರು ನಾನಿಟ್ಟದ್ದು. ಐದು ವರ್ಷದಲ್ಲಿ ಏಳು ಮನೆ ಬದಲಿಸಿದವಳನ್ನು ಇನ್ನೇನೆಂದು ಕರೆಯಬೇಕು? ಕಿವಿ ಕೇಳದ ಮಕ್ಕಳಿಗೆ ಮಾತು ಕಲಿಸುವ ವಿದ್ಯೆ ಓದಿದ್ದಾಳೆ. ಮೊದಲ ಎರಡು ವರ್ಷ ಕಂತು ಕಟ್ಟಿದಳು. ಆಮೇಲೆ ತಾಯಿಗೆ ಕಾಯಿಲೆ ಎಂದಳು, ತಾಯಿ ತೀರಿಕೊಂಡ ಮೇಲೆ ಆಸ್ಪತ್ರೆಯ ಬಾಕಿ ಎಂದಳು. ಕುಂಟನಿಗೆ ಎಂಟು ಚೇಷ್ಟೆ. ನಾನು ಅವಳ ಶಾಲೆಯ ಮುಖ್ಯೋಪಾಧ್ಯಾಯಿನಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಅಷ್ಟೇ. ಕೆಲಸದಿಂದ ತೆಗೆದದ್ದು ಶಾಲೆಯವರು.

ಕಡತದ ಕೊನೆಯಲ್ಲಿ ಆ ಕಾಗದ ಇನ್ನೂ ಇದೆ. ಇಂಥ ಸಾಲಕ್ಕೊಂದು ಕಾಲಮಿತಿ ಇರುತ್ತದೆ. ಅಷ್ಟರೊಳಗೆ ಸಾಲಗಾರ, ಹೌದು ನಾನು ಕೊಡಬೇಕು, ಎಂದು ಬರೆದುಕೊಡದಿದ್ದರೆ ಮತ್ತೆ ಕೋರ್ಟಿಗೆ ಎಳೆಯುವಂತಿಲ್ಲ. ಅವಳ ಗಡುವಿಗೆ ಮೂರೇ ವಾರ ಉಳಿದಿತ್ತು. ಖಾಲಿ ರಟ್ಟಿನ ಡಬ್ಬಿಗೆ ಕಂದು ಕಾಗದ ಸುತ್ತಿ, ತಲೆಗೆ ಟೋಪಿ ಹಾಕಿ, ಪಾರ್ಸೆಲ್ ಎಂದು ಬಾಗಿಲು ತಟ್ಟಿದೆ. ರಸೀದಿ ಎಂದುಕೊಂಡು ಸಹಿ ಹಾಕಿದಳು. ಸಾಲಕ್ಕೆ ಮತ್ತೆ ಜೀವ ಬಂತು. ಆ ವರ್ಷದ ಉತ್ತಮ ವಸೂಲಿಗಾರ ಪ್ರಶಸ್ತಿ ನನಗೇ.

ಈಗ ಅವಳನ್ನೇ ಹುಡುಕಬೇಕು, ಸಹಿ ಕೇಳಬೇಕು. ಮ್ಯಾನೇಜರ್, ಒಂದು ಹೋದರೆ ಹೋಗಲಿ ಬಿಡಿ ಸರ್, ಎಂದ. ಬಿಡಿಯಂತೆ. ನನ್ನ ಪಟ್ಟಿಯಲ್ಲಿ ಯಾವತ್ತೂ ಒಂದು ಉಳಿದಿಲ್ಲ.

ಮಾರ್ಚ್ 19, ಬುಧವಾರ

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಜನ ಮನೆ ಬದಲಿಸುತ್ತಾರೆ, ಫೋನ್ ಬದಲಿಸುತ್ತಾರೆ, ಕನ್ನಡಕದ ಅಂಗಡಿ ಬದಲಿಸುವುದಿಲ್ಲ. ಅರ್ಜಿಯ ಫೋಟೋದಲ್ಲಿ ಅವಳದು ಬಾಟಲಿ ತಳದಂಥ ಗಾಜು. ಅಷ್ಟು ದಪ್ಪ ಗಾಜು ಅರೆಯುವ ಅಂಗಡಿ ಈ ಊರಿನಲ್ಲಿ ಎರಡೇ. ಎರಡನೆಯದರಲ್ಲಿ ಸಿಕ್ಕಿತು. ಪರದೆ ಹೊಲಿಯುವ ಕಾರ್ಖಾನೆಯ ವಿಳಾಸಕ್ಕೆ ಕಳೆದ ತಿಂಗಳು ಹೊಸ ಕನ್ನಡಕ ಕಳಿಸಿದ್ದಾರೆ.

ಇಪ್ಪತ್ತೇಳು ವರ್ಷದ ಅನುಭವ ಸುಮ್ಮನೆ ಬರುವುದಿಲ್ಲ.

ಮಾರ್ಚ್ 20, ಗುರುವಾರ

ಸೈಕಲ್ ರಿಪೇರಿ ಅಂಗಡಿಯ ಮೇಲೆ ಎರಡನೇ ಮಹಡಿ. ಉದ್ದನೆಯ ಕೋಣೆ, ಆರು ಹೊಲಿಗೆ ಯಂತ್ರ, ಸೂರಿನಿಂದ ನೆಲದವರೆಗೆ ಇಳಿಬಿಟ್ಟ ಪರದೆಗಳು. ಎರಡು ಪರದೆಯ ನಡುವೆ ದಪ್ಪ ಕನ್ನಡಕವೊಂದು ಒಂದು ಕ್ಷಣ ಹೊಳೆಯಿತು. ಮುಂದಿನ ಕ್ಷಣ ಹಿಂಬದಿಯ ಕಬ್ಬಿಣದ ಮೆಟ್ಟಿಲು ದಡದಡ ಸದ್ದು ಮಾಡಿತು. ಮೇಜಿನ ಮೇಲೆ ಅರ್ಧ ಕತ್ತರಿಸಿದ ಬಟ್ಟೆ, ಬಾಯಿ ತೆರೆದ ಕತ್ತರಿ. ಮೇಜಿನ ಕೆಳಗೆ ಚಪ್ಪಲಿ. ಬರಿಗಾಲಲ್ಲಿ ಓಡಿದ್ದಾಳೆ.

ಯಜಮಾನಿ ದಪ್ಪನೆಯ ಹೆಂಗಸು, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ, ಅಂಥವರು ಯಾರೂ ಇಲ್ಲಿಲ್ಲ ಎಂದಳು. ಮನ್ನಾದ ಮಾತು ವಿವರಿಸಿದೆ. ಪಿನ್ನು ತೆಗೆದು ಕೇಳಿದಳು: “ಸಹಿ ಹಾಕಿದ್ರೆ ಸಾಲ ಹೋಗತ್ತೆ ಅಂತೀರಿ. ಹೋದ ಸಲ ಸಹಿ ಹಾಕಿದ್ರೆ ಪಾರ್ಸೆಲ್ ಬರತ್ತೆ ಅಂದಿದ್ರಂತೆ?”

ಒಳ್ಳೆಯದು ಮಾಡಲು ಹೋದರೆ ಇದು ಮರ್ಯಾದೆ. ಲಕೋಟೆ ಅಲ್ಲೇ ಇಟ್ಟು ಬಂದೆ. ನಾನು ಮೆಟ್ಟಿಲಿಳಿಯುವ ಮೊದಲೇ ಅದು ಮೇಲಿನಿಂದ ತಲೆಯ ಮೇಲೆ ಬಿತ್ತು.

ಮಾರ್ಚ್ 22, ಶನಿವಾರ

ಊಟಕ್ಕೆ ಕೂತಾಗ ಈ ಕೃತಘ್ನಳ ಕಥೆ ಹೇಳಿದೆ. ಹೆಂಡತಿ ಚಪ್ಪಲಿಯ ವಿಷಯಕ್ಕೆ ಚ್ ಎಂದಳು. ಮಗಳು ತಟ್ಟೆಯಿಂದ ತಲೆಯೆತ್ತದೆ, ಫೋನಿನಲ್ಲಿ ನೀವು ಅವರಿಗೆ ಏನು ಹೇಳುತ್ತಿದ್ದಿರಿ, ಎಂದು ಕೇಳಿದಳು.

ಏನು ಹೇಳುವುದು? ಎಲ್ಲರಿಗೂ ಹೇಳುವುದನ್ನೇ. ಮೆಲ್ಲಗೆ ಹೇಳಬೇಕು, ಕೂಗಬಾರದು, ಅದೇ ಈ ಕೆಲಸದ ಗುಟ್ಟು. ಅನ್ನ ಗಂಟಲಲ್ಲಿ ಇಳಿಯುತ್ತಿದೆಯೇ ಎಂದು ಕೇಳಬೇಕು. ಇನ್ನೊಬ್ಬರ ದುಡ್ಡು ಇಟ್ಟುಕೊಂಡು ಹೇಗೆ ನಿದ್ದೆ ಬರುತ್ತದೆ ಎಂದು ಕೇಳಬೇಕು. ದನಿ ಬರಿಸಿ ಒಂದು ಸಾಲು ಹೇಳಿಯೂ ತೋರಿಸಿದೆ.

“ಗೊತ್ತು” ಎಂದಳು. “ನಂಗೂ ಅದೇ ದನೀಲೇ ಕೇಳ್ತಿದ್ರಿ. ಇದೇ ಜಾಗದಲ್ಲಿ, ಊಟಕ್ಕೆ ಕೂತಾಗ.”

ಆಮೇಲೆ ನೀರು ಕುಡಿದು ಎದ್ದಳು. ಸಿಟ್ಟೇನೂ ಇರಲಿಲ್ಲ. ಸಿಟ್ಟಿದ್ದರೆ ಎರಡು ಮಾತು ಆಡಬಹುದಿತ್ತು.

ಮಾರ್ಚ್ 23, ಭಾನುವಾರ

ಬರೆಯುವಂಥದ್ದೇನಿಲ್ಲ. ಮಗಳು ಹೇಳಿದ್ದು ಪೂರ್ತಿ ನಿಜವಲ್ಲ. ಮನೆಯಲ್ಲಿ ಬೇರೆ ದನಿ ಇತ್ತು. ಹೆಂಡತಿಯನ್ನು ಕೇಳಿದೆ. ಅವಳು ಒಣಗಿದ ಬಟ್ಟೆ ಮಡಚುತ್ತ, ನಂಗೆ ಕಿವಿ ಸ್ವಲ್ಪ ಮಂದ, ಎಂದಳು. ಯಾವಾಗಿನಿಂದಲೋ.

ಮಾರ್ಚ್ 26, ಬುಧವಾರ

ಬೆಳಿಗ್ಗೆಯಿಂದ ಸೈಕಲ್ ಅಂಗಡಿಯ ಮುಂದೆ ಕೂತಿದ್ದೆ. ಸೈಕಲ್ಲಿನವನು ಸ್ಟೂಲು ಕೊಟ್ಟ, ಚಹಾ ಕೊಡಿಸಿದ, ಮಧ್ಯಾಹ್ನದ ಹೊತ್ತಿಗೆ ಹೇಳಿದ: ನೀವು ಇಲ್ಲಿ ಕೂತಿರುವವರೆಗೆ ಅವಳು ಕೆಲಸಕ್ಕೆ ಬರುವುದಿಲ್ಲ, ನೀವು ಮೊದಲು ಬಂದುಹೋದಾಗಿನಿಂದ ಅವಳ ಐದು ದಿನದ ಕೂಲಿ ಹೋಯಿತು. ನಾನು ಬಂದದ್ದು ಅವಳ ಸಾಲ ಕಳೆಯಲು, ಕಳೆಯುತ್ತಿರುವುದು ಕೂಲಿಯಂತೆ. ಈ ಊರಿನಲ್ಲಿ ಸೈಕಲ್ಲಿನವನಿಗೂ ತತ್ವಜ್ಞಾನ.

ಎದ್ದು ಬಂದೆ. ಇಪ್ಪತ್ತೇಳು ವರ್ಷದಲ್ಲಿ ಕಾದು ಕೂತ ಜಾಗದಿಂದ ಹಾಗೇ ಎದ್ದು ಬಂದದ್ದು ಮೊದಲ ಸಲ. ಸೊಂಟ ನೋಯುತ್ತಿತ್ತು.

ಲಕೋಟೆಯನ್ನು ಊಟದ ಮೇಜಿನ ಮೇಲೆ ಇಟ್ಟಿದ್ದೆ. ಮಗಳಿಗೆ ನಾಳೆ ಆ ಕಡೆ ಹೇಗೂ ಕೆಲಸವಿದೆಯಂತೆ. ಕೊಟ್ಟುಬರುತ್ತೇನೆ ಎಂದಳು. ನಾನೇನೂ ಕೇಳಿಕೊಳ್ಳಲಿಲ್ಲ. ವಿಳಾಸವನ್ನು ಒಂದು ಚೀಟಿಯ ಮೇಲೆ ದೊಡ್ಡದಾಗಿ ಬರೆದಿಟ್ಟಿದ್ದೆ, ಅಷ್ಟೇ.

ಮಾರ್ಚ್ 28, ಶುಕ್ರವಾರ

ಮಗಳು ನಿನ್ನೆಯೂ ಹೋಗಿದ್ದಳು, ಇವತ್ತೂ ಹೋಗಿದ್ದಳು. ಎರಡು ದಿನ ಏನು ಮಾತಾಡಿದರೋ ಹೇಳುವುದಿಲ್ಲ. ಒಟ್ಟು ತೀರ್ಮಾನ ಇಷ್ಟು: ಏಳು ಮನೆಯವಳು ಸೋಮವಾರ ತಾನೇ ಬ್ಯಾಂಕಿಗೆ ಬರುತ್ತಾಳೆ. ಎಲ್ಲರ ಎದುರು, ಓದಿ, ಆಮೇಲೆ ಸಹಿ. ಒಂದು ಷರತ್ತಿದೆಯಂತೆ, ಅದನ್ನು ಅಲ್ಲೇ ಹೇಳುತ್ತಾಳಂತೆ.

ಭಿಕ್ಷೆ ಹಾಕಿಸಿಕೊಳ್ಳುವವರೂ ಷರತ್ತು ಹಾಕುವ ಕಾಲ. ಇದನ್ನು ಮಗಳ ಎದುರು ಹೇಳಲು ಬಾಯಿ ತೆರೆದವನು ಹೇಳಲಿಲ್ಲ. ಅವಳಿಗೆ ತಲೆನೋವಿತ್ತು.

ಮಾರ್ಚ್ 31, ಸೋಮವಾರ

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಬಂದಳು, ಪರದೆಯ ಯಜಮಾನಿಯನ್ನು ಸಾಕ್ಷಿಗೆ ಕರೆದುಕೊಂಡು. ಐದಕ್ಕೆ ಪತ್ರಗಳ ಕಟ್ಟು ಹೊರಡಬೇಕು. ನನ್ನ ಮೇಜಿನ ಮುಂದೆ ಕೂತು ಕನ್ನಡಕ ತೆಗೆದು, ಕಾಗದವನ್ನು ಮೂಗಿಗೆ ಹಿಡಿದು, ಮೊದಲ ಅಕ್ಷರದಿಂದ ಓದಿದಳು. ಎರಡು ಪುಟಕ್ಕೆ ಇಪ್ಪತ್ತೈದು ನಿಮಿಷ. ನಾನು ಗಡಿಯಾರ ನೋಡಿದಾಗಲೆಲ್ಲ ಯಜಮಾನಿ ನನ್ನನ್ನು ನೋಡುತ್ತಿದ್ದಳು.

ಓದಿ ಮುಗಿಸಿ ಪೆನ್ನು ತೆಗೆದುಕೊಂಡವಳು ಸಹಿ ಹಾಕಲಿಲ್ಲ. ಚೀಲದಿಂದ ಒಂದು ಚೀಟಿ ತೆಗೆದು ನನ್ನ ಮುಂದಿಟ್ಟಳು. ನಾಲ್ಕು ಫೋನ್ ನಂಬರು.

“ಈ ನಾಲ್ಕು ಜನಕ್ಕೂ ನೀವೇ ಫೋನ್ ಮಾಡಿ ನನ್ನ ವಿಷ್ಯ ಹೇಳಿದ್ದು. ಈಗ್ಲೂ ಮಾಡಿ. ಸಾಲ ತೀರಿದೆ ಅಂತ ಹೇಳಿ. ಆಮೇಲೆ ಸಹಿ ಹಾಕ್ತೀನಿ.”

ಸಹಿ ಹಾಕುವ ಮೊದಲೇ ತೀರಿದೆ ಎಂದರೆ ಸುಳ್ಳಾಗುತ್ತದೆ ಎಂದೆ.

“ಮೊದಲ ಸಲಾನಾ?” ಎಂದಳು.

ಕೌಂಟರಿನವರು ಕೆಲಸ ನಿಲ್ಲಿಸಿದರು. ಮ್ಯಾನೇಜರ್ ಬಾಗಿಲಿಗೆ ಬಂದು ನಿಂತು, ಇದು ನಮ್ಮ ನಿಯಮದಲ್ಲಿಲ್ಲ, ಬೇಡವೆಂದರೆ ಬಿಟ್ಟುಬಿಡಿ ಸರ್, ನಷ್ಟ ಅವರದು, ಎಂದ. ಸರಿಯಾಗಿಯೇ ಹೇಳಿದ. ನನ್ನ ಗಂಟೇನು ಹೋಗುತ್ತಿತ್ತು? ಆದರೂ ಫೋನೆತ್ತಿದೆ. ನೂರಾ ಹನ್ನೊಂದರಲ್ಲಿ ಒಂದು ಉಳಿಯಬಾರದೆಂದು, ಬೇರೆ ಏನಕ್ಕೂ ಅಲ್ಲ.

ಮೊದಲನೆಯದು ಶಾಲೆ. ಆ ಮುಖ್ಯೋಪಾಧ್ಯಾಯಿನಿ ನಿವೃತ್ತಳಾಗಿದ್ದಾಳೆ. ಹೊಸಬಳಿಗೆ ಯಾವ ಟೀಚರು, ಯಾವ ಸಾಲ, ಒಂದೂ ಗೊತ್ತಿಲ್ಲ. ಹಿಂದೆ ನಿಮ್ಮಲ್ಲಿ ಹೀಗೊಬ್ಬರು ಟೀಚರಿದ್ದರು ಎಂದು ಶುರು ಮಾಡಿ, ನನ್ನ ಮಾತಿನಿಂದ ಅವರ ಕೆಲಸ ಹೋಯಿತೆಂದು ನಾನೇ ಬಿಡಿಸಿ ಹೇಳಬೇಕಾಯಿತು. ಇಲ್ಲದಿದ್ದರೆ ಅರ್ಥವೇ ಆಗುತ್ತಿರಲಿಲ್ಲ. ಬರೆದುಕೊಳ್ಳುತ್ತೇನೆ ಎಂದಳು.

ಎರಡನೆಯದು ಮೂರನೇ ಮನೆಯ ಮಾಲೀಕ. ನೆನಪಿದೆ ಎಂದ. ನಿಮ್ಮ ಫೋನ್ ಬಂದ ಎರಡೇ ದಿನಕ್ಕೆ ಖಾಲಿ ಮಾಡಿಸಿದೆ, ಪಾಪದ ಹೆಂಗಸು, ಬಾಡಿಗೆ ಒಂದು ದಿನ ತಡ ಮಾಡಿದವಳಲ್ಲ, ಎಂದ. ಈಗ ಪಾಪದವಳಂತೆ. ಆಗ ಏನಾಗಿತ್ತು ಇವನಿಗೆ? ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅವನಿಗೆ ಫೋನ್ ಮಾಡಿದವನು ನಾನಲ್ಲವೇ.

ಮೂರನೆಯದು ಮದುವೆಯ ಮಾತು ನಡೆದಿದ್ದ ಮನೆ. ಹುಡುಗನ ತಾಯಿ ಎತ್ತಿದಳು. ನಾನು ಹೇಳಿದ್ದನ್ನು ಪೂರ್ತಿ ಕೇಳಿ, “ಅವನಿಗೀಗ ಎರಡು ಮಕ್ಕಳು. ಇದನ್ನ ಈಗ ಯಾಕೆ ಹೇಳ್ತಿದೀರಿ?” ಎಂದಳು. ಎದುರಿಗೆ ಕೂತಿದ್ದವಳು ನನ್ನ ಮೇಜಿನ ಕ್ಯಾಲೆಂಡರ್ ನೋಡುತ್ತಿದ್ದಳು.

ನಾಲ್ಕನೆಯದು ಸೋದರಮಾವ. ಸಾಲಕ್ಕೆ ಜಾಮೀನು ನಿಂತವನು, ಅವಳಿಗೆ ಉಳಿದಿದ್ದ ಒಬ್ಬನೇ ನೆಂಟ. ನಾನು ಹಲೋ ಎಂದೆ, ಅಷ್ಟೇ. ಮುದುಕನ ದನಿ ಒಂದೇ ಉಸಿರಿಗೆ ಹೇಳತೊಡಗಿತು: “ಗೊತ್ತಾಯ್ತು ಸರ್. ನಂಗೆ ಪಿಂಚಣಿ ಬಿಟ್ರೆ ಏನೂ ಇಲ್ಲ ಸರ್. ಅವಳು ನಮ್ಮನೇಗೆ ಬರ್ತಾ ಇಲ್ಲ, ನಾನೇ ಬರಬೇಡ ಅಂದಿದೀನಿ, ಅವಳಿಗೂ ನಮಗೂ ಸಂಬಂಧ ಇಲ್ಲ ಸರ್.”

ಆರು ವರ್ಷವಾಗಿದೆ. ನನ್ನ ಒಂದು ಹಲೋ ಸಾಕಾಯಿತು.

ಸಾಲ ತೀರಿದೆ ಎಂದೆ. ಅವನು ಪಿಂಚಣಿ ಎಂದ. ಮತ್ತೆ ಹೇಳಿದೆ. ಮೂರನೇ ಸಲ ಹೇಳುವಾಗ ನನ್ನ ದನಿ ಏರಿತು. ಈ ಕೆಲಸದಲ್ಲಿ ನಾನು ಯಾವತ್ತೂ ಕೂಗಿದವನಲ್ಲ. ಬ್ಯಾಂಕಿಡೀ ಕೇಳಿಸಿರಬೇಕು. ತೀರಿದೆ, ನಿಮ್ಮ ಸೊಸೆ ಯಾರಿಗೂ ಏನೂ ಕೊಡಬೇಕಾಗಿಲ್ಲ, ಅವರು ಮೋಸ ಮಾಡಿದವರಲ್ಲ, ನಾನು ಅವತ್ತು ಹೇಳಿದ್ದು ತಪ್ಪು, ಎಂದೆ. ಈ ಕೊನೆಯ ಮಾತು ಷರತ್ತಿನಲ್ಲಿರಲಿಲ್ಲ. ಹೇಗೋ ಬಾಯಿಂದ ಬಂದುಹೋಯಿತು.

ಅವನು, “ಅವಳು ಎಲ್ಲಿದಾಳೆ?” ಎಂದು ಕೇಳಿದ.

ರಿಸೀವರನ್ನು ಆಕೆಯ ಕಡೆ ಚಾಚಿದೆ. ಆಕೆ ತೆಗೆದುಕೊಳ್ಳಲಿಲ್ಲ. ಕನ್ನಡಕ ಹಾಕಿಕೊಂಡು, ಕಾಗದವನ್ನು ಎಳೆದುಕೊಂಡು, ಎರಡು ಕಡೆ ಸಹಿ ಹಾಕಿ, ಪೆನ್ನಿನ ಮುಚ್ಚಳ ಮುಚ್ಚಿದಳು.

“ಅವರ ನಂಬರ್ ನನ್ ಹತ್ರ ಇದೆ ಅಂತ ಹೇಳಿ” ಎಂದು ಎದ್ದಳು.

ಹೇಳಿದೆ. ಐದಕ್ಕೆ ಎಂಟು ನಿಮಿಷವಿತ್ತು. ಕಟ್ಟು ಹೊರಟಿತು.

ಏಪ್ರಿಲ್ 3, ಗುರುವಾರ

ನೂರಕ್ಕೆ ನೂರು ಸಾಧಿಸಿದ ಏಕೈಕ ಶಾಖೆ ಎಂದು ಮೇಲಿನಿಂದ ಪ್ರಶಂಸಾಪತ್ರ ಬಂದಿದೆ, ಮ್ಯಾನೇಜರ್ ಹೆಸರಿಗೆ. ಕಳ್ಳಿ ಗಿಡದ ಪಕ್ಕ ನಿಲ್ಲಿಸಿಕೊಂಡಿದ್ದಾನೆ. ಬಿಡಲಿಕ್ಕೆ ಹೇಳಿದವನಿಗೆ ಹಿಡಿದ ಕೀರ್ತಿ.

ಮಧ್ಯಾಹ್ನ ಕೆಲಸವಿರಲಿಲ್ಲ. ಹಳೆಯ ರಿಜಿಸ್ಟರ್ ತೆಗೆದು ಮಿಕ್ಕವರ ಜಾಮೀನುದಾರರಿಗೆ ಒಂಬತ್ತು ಫೋನ್ ಮಾಡಿದೆ, ಸಾಲ ತೀರಿದ ವಿಷಯ ತಿಳಿಸೋಣವೆಂದು. ಏಳು ಜನ ನನ್ನ ದನಿ ಕೇಳುತ್ತಲೇ ಇಟ್ಟುಬಿಟ್ಟರು. ತಲೆಯಿಲ್ಲದ ಜನ. ನಾಳೆ ಆ ಏಳರಿಂದಲೇ ಶುರು ಮಾಡಬೇಕು.

ಏಪ್ರಿಲ್ 12, ಶನಿವಾರ

ಮಗಳು ಬೆಳಿಗ್ಗೆ ಒಂದು ಫಾರಂ ತಂದು ಮುಂದಿಟ್ಟಳು. ಆ ಪ್ರಯೋಗಾಲಯಕ್ಕೆ ಮತ್ತೆ ಬರೆದಿದ್ದಳಂತೆ. ವಯಸ್ಸು ಮೂವತ್ತಾದರೂ ಸೀಟು ಕೊಟ್ಟಿದ್ದಾರೆ. ವಿಮೆ ಕಚೇರಿಗೆ ರಾಜೀನಾಮೆ ಬರೆದಾಗಿದೆ. ಬೇರೊಂದು ಬ್ಯಾಂಕಿನಲ್ಲಿ ಸಾಲ. ಜಾಮೀನುದಾರರ ಸಹಿ ಬೇಕು.

ಈ ಸಲದ್ದನ್ನೂ ಸರ್ಕಾರ ಮನ್ನಾ ಮಾಡುತ್ತದೆಂದು ನಂಬಿಕೊಂಡಿದ್ದೀಯಾ ಎಂದು ಕೇಳಿದೆ.

“ಇಲ್ಲಪ್ಪ, ತೀರಿಸ್ತೀನಿ” ಎಂದಳು. “ನಿಧಾನಕ್ಕೆ.”

ಹುಚ್ಚು ಎಂದರೆ ಇದು. ತಿಂಗಳ ಸಂಬಳ ಬಿಟ್ಟು ಮಣ್ಣು ಕೆದರುವುದಕ್ಕೆ ಸಾಲ. ಫಾರಂ ಓದಿದೆ. ನಮ್ಮ ಬ್ಯಾಂಕಿನದಕ್ಕಿಂತ ಕಳಪೆ. ಹನ್ನೊಂದನೇ ಕಲಮಿನಲ್ಲಿ, ಕಂತು ತಪ್ಪಿದರೆ ಜಾಮೀನುದಾರರನ್ನು ಯಾವುದೇ ಸಮಯದಲ್ಲಿ ಸಂಪರ್ಕಿಸುವ ಹಕ್ಕು ಬ್ಯಾಂಕಿಗಿದೆ ಎಂದಿದೆ. ಬರೆದವನಿಗೆ ಒಂದು ವಾಕ್ಯ ನೆಟ್ಟಗೆ ಮುಗಿಸಲು ಬರುವುದಿಲ್ಲ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ಓದಿ ಎಷ್ಟು ಹೊತ್ತು ಮಾಡುತ್ತೀರಿ, ಕಣ್ಣು ಕಾಣುವುದಿಲ್ಲವೇ, ಎಂದು ಕೇಳಿದಳು.

ಸಹಿ ಹಾಕಿದೆ. ಫೋನ್ ನಂಬರಿನ ಜಾಗದಲ್ಲಿ ಮನೆಯದು, ಕೈಯದು, ಎರಡೂ ಬರೆದೆ. ಇನ್ನು ಆರು ತಿಂಗಳಿಗೆ ನನಗೆ ನಿವೃತ್ತಿ, ಆಮೇಲೆ ಮನೆಯಲ್ಲೇ ಇರುತ್ತೇನೆ. ಆ ಬ್ಯಾಂಕಿನ ವಸೂಲಿಯವನು ಭಾರಿ ಗಟ್ಟಿಗನಂತೆ, ಮೆಲ್ಲಗೆ ಮಾತಾಡುತ್ತಾನಂತೆ. ಮಾಡಲಿ ಫೋನು. ಎಷ್ಟು ಹೊತ್ತಿಗೆ ಬೇಕಾದರೂ ಮಾಡಲಿ. ಅವಳಿಗೆ ಮಾತ್ರ ಮಾಡಕೂಡದು.

ನಾನು ಎತ್ತುತ್ತೇನೆ.